ಡಿಎಂ, ಚಾನೆಲ್, ಥ್ರೆಡ್, ಫೋನ್: ಆಫೀಸಿನ ಯಾವ ಮಾತನ್ನು ಎಲ್ಲಿ ಹೇಳಬೇಕು?

ಗೋದಾಮಿನ ಲೆಕ್ಕ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಹೊಟ್ಟು ಬಿಡಿಸಿ ವಿಂಗಡಿಸುವ ಕಡೆ) ನಾನು ಸ್ಟಾಕ್ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ಒಟ್ಟು 22 ಜನ ಇದ್ದೇವೆ. ಹೆಚ್ಚಿನವರು ಗೋದಾಮಿನಲ್ಲಿ. ಸೋಮವಾರಪೇಟೆ, ವಿರಾಜಪೇಟೆ ಕಡೆ ಖರೀದಿಗೆ ಓಡಾಡುವವರು ಐದು ಜನ. ಮಂಗಳೂರು ಬಂದರಿನ ಕೆಲಸಕ್ಕೆ ಇಬ್ಬರು. ಹೋದ ಮಳೆಗಾಲದವರೆಗೂ ಎಲ್ಲವೂ ಒಂದೇ ವಾಟ್ಸಾಪ್ ಗ್ರೂಪ್‌ನಲ್ಲಿ ನಡೆಯುತ್ತಿತ್ತು. ಈಗ ಸ್ಲ್ಯಾಕ್ ಅನ್ನುವ ಆಫೀಸ್ ಮೆಸೇಜ್ ಆ್ಯಪ್‌ಗೆ ಬಂದಿದ್ದೇವೆ. ಅದರಲ್ಲಿ ಒಬ್ಬರಿಗೇ ಕಳುಹಿಸುವುದು ಡಿಎಂ, ಗುಂಪಿನ ಎಲ್ಲರೂ ಓದುವುದು ಚಾನೆಲ್, ಒಂದು ಮೆಸೇಜಿನ ಕೆಳಗೇ ಬರುವ ಉತ್ತರಗಳ ಸಾಲು ಥ್ರೆಡ್.

ಹುತ್ತರಿ ಹಬ್ಬದ ವಾರ ಒಂದು ಎಡವಟ್ಟಾಯಿತು. ಮಾದಾಪುರ ಕಡೆಯ ಒಬ್ಬ ಬೆಳೆಗಾರರ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ ಬೀಜ) ಒಂದು ಲಾಟ್, ಅಂದರೆ ಒಂದು ರಾಶಿ, ಬಂದಿತ್ತು. ತೇವ ಅಳೆಯುವ ಮಾಯಿಶ್ಚರ್ ಮೀಟರ್‌ನಲ್ಲಿ ನೋಡಿದರೆ ಇನ್ನೂ ಹಸಿ. ಕಾಳನ್ನು ಕೈಯಲ್ಲಿ ಉಜ್ಜಿದರೂ ಗೊತ್ತಾಗುತ್ತಿತ್ತು. ನಾನು ಗೋದಾಮಿನ ಸೂಪರ್‌ವೈಸರ್‌ಗೆ ಡಿಎಂ ಹಾಕಿದೆ: 'ಅಣ್ಣಾ, ಆ ಲಾಟ್ ಇನ್ನೂ ಎರಡು ದಿನ ಬಿಸಿಲಿಗೆ ಹಾಕಬೇಕು. ಯಾವುದಕ್ಕೂ ಸೇರಿಸಬೇಡಿ.' ಅವರು ನೋಡಿ ಹೆಬ್ಬೆರಳು ಒತ್ತಿದರು. ಮರುದಿನ ಹಬ್ಬಕ್ಕೆ ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಹುಡುಗನಿಗೆ ಈ ವಿಷಯವೇ ಗೊತ್ತಿರಲಿಲ್ಲ. ಒಣಗಿದ್ದ ಬೇರೆ ಲಾಟ್ ಜತೆ ಅದನ್ನೂ ಸುರಿಸಿಬಿಟ್ಟ. ಬೆರೆತ ಮೇಲೆ ಯಾವುದು ಯಾರದ್ದು ಅಂತ ಆರಿಸಲು ಆಗುತ್ತದಾ? ಅಷ್ಟನ್ನೂ ಮತ್ತೆ ಕಣದಲ್ಲಿ ಹರಡಿದೆವು. ಆ ಮೂರು ದಿನವೂ ಮೋಡ. ಬೆಳೆಗಾರರಿಗೆ ಫೋನ್ ಮಾಡಿ ಹೇಳುವಾಗ ನನಗೆ ಗಂಟಲು ಕಟ್ಟಿತು.

ಹುಡುಗನದ್ದೂ ತಪ್ಪಿಲ್ಲ, ಸೂಪರ್‌ವೈಸರ್‌ದೂ ತಪ್ಪಿಲ್ಲ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಹೇಳಿದ ಜಾಗ ಸರಿ ಇರಲಿಲ್ಲ. ಹಾಗಂತ ಎಲ್ಲವನ್ನೂ ಎಲ್ಲರ ಎದುರು ಹಾಕಿದರೆ ಯಾರೂ ಓದುವುದಿಲ್ಲ. ವಾಟ್ಸಾಪ್‌ನಲ್ಲಿ ಆಗಿದ್ದೇ ಅದು. ಯಾವುದು ಡಿಎಂ, ಯಾವುದು ಚಾನೆಲ್, ಯಾವುದಕ್ಕೆ ಫೋನ್ ಅಂತ ನೀವೆಲ್ಲ ಹೇಗೆ ನಿರ್ಧರಿಸುತ್ತೀರಿ?

ಮನೆಯಿಂದಲೇ ಕೆಲಸ (ಮಡಿಕೇರಿ)

ಅಕ್ಕಾ, ನಾನು 2020ರಿಂದ ಮಡಿಕೇರಿಯ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಮೊದಲ ಕಂಪನಿಯಲ್ಲಿ ಸ್ಲ್ಯಾಕ್ ಇತ್ತು, ಈಗಿನದರಲ್ಲಿ ಅಂಥದ್ದೇ ಆದ ಟೀಮ್ಸ್. ಟೈಪ್ ಮಾಡುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಮನುಷ್ಯ ನಾಳೆ ರಜೆ ಹಾಕಿದರೆ ಈ ಮಾತು ಬೇರೆ ಯಾರಿಗೆ ಬೇಕಾಗುತ್ತದೆ? ಒಬ್ಬರಿಗಾದರೂ ಬೇಕು ಅಂದರೆ ಅದು ಚಾನೆಲ್‌ಗೆ ಹೋಗಬೇಕು. ನಿಮ್ಮ ಲಾಟ್‌ನ ವಿಷಯ ಸೂಪರ್‌ವೈಸರ್‌ಗೆ ಸೇರಿದ್ದಲ್ಲ, ಲಾಟ್‌ಗೆ ಸೇರಿದ್ದು. ಲಾಟ್ ಇರುವ ಕಡೆ ಆ ಮಾತೂ ಇರಬೇಕು.

ಎಲ್ಲರಿಗೂ ಒಂದೇ ಚಾನೆಲ್ ಮಾಡಿದರೆ ಅದು ವಾಟ್ಸಾಪ್ ಗ್ರೂಪ್ ಆಗಿಬಿಡುತ್ತದೆ. ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಮಾಡಿ. ಕಣ ಮತ್ತು ಗೋದಾಮಿಗೆ ಒಂದು, ಖರೀದಿಗೆ ಒಂದು, ಲಾರಿ ಮತ್ತು ಬಂದರಿಗೆ ಒಂದು. ಚಾನೆಲ್ ಒಳಗೆ ಒಂದು ಲಾಟ್‌ಗೆ ಒಂದೇ ಮೆಸೇಜ್. ಅದರ ಬಗ್ಗೆ ಆಮೇಲೆ ಏನೇ ಹೇಳುವುದಿದ್ದರೂ ಅದೇ ಮೆಸೇಜಿನ ಕೆಳಗೆ ಥ್ರೆಡ್‌ನಲ್ಲಿ. ರಜೆ ಹಾಕಿದವರ ಜಾಗಕ್ಕೆ ಬಂದ ಹುಡುಗ ಲಾಟ್ ನಂಬರ್ ಹುಡುಕಿದರೆ ಮೊದಲಿಂದ ಕೊನೆಯವರೆಗೆ ಕಥೆ ಸಿಗುತ್ತದೆ.

ಥ್ರೆಡ್‌ನಲ್ಲಿ ಒಂದು ತೊಂದರೆ ಇದೆ. ಅದರೊಳಗೆ ಬರೆದವರಿಗೆ, ಟ್ಯಾಗ್ ಆದವರಿಗೆ ಮಾತ್ರ ಹೊಸ ಉತ್ತರದ ಸುದ್ದಿ ಹೋಗುತ್ತದೆ. ಹತ್ತು ಮಾತಾಗಿ ಹನ್ನೊಂದನೆಯದರಲ್ಲಿ ನಿರ್ಧಾರ ಆಯಿತು ಅಂದುಕೊಳ್ಳಿ. ಉಳಿದವರಿಗೆ ಅದು ಕಾಣುವುದೇ ಇಲ್ಲ. ಆ ಒಂದು ಉತ್ತರ ಹಾಕುವಾಗ ಕೆಳಗೆ 'ಚಾನೆಲ್‌ಗೂ ಕಳುಹಿಸು' ಅನ್ನುವ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ನಾನಂತೂ ನಿರ್ಧಾರಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಟಿಕ್ ಹಾಕುವುದಿಲ್ಲ.

ಇನ್ನೊಂದು ವಿಷಯ. ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿದ್ದರೆ 90 ದಿನಕ್ಕಿಂತ ಹಳೆಯ ಮೆಸೇಜ್ ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಬರೆದದ್ದನ್ನು ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗದು. ಮಾಯಿಶ್ಚರ್, ತೂಕ, ರೇಟು ನಿಮ್ಮ ಸ್ಟಾಕ್ ಪುಸ್ತಕದಲ್ಲೂ ಇರಲಿ.

ಗೋದಾಮಿನ ಲೆಕ್ಕ

90 ದಿನದ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾವು ಇರುವುದು ಉಚಿತದ್ದರಲ್ಲೇ. ಅರೇಬಿಕಾ ನವೆಂಬರ್‌ನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ. ಒಂದು ಸೀಸನ್ನಿನ ಮಾತು ಆ ಸೀಸನ್ ಮುಗಿಯುವ ಮೊದಲೇ ಕಣ್ಮರೆ! ನಾಳೆಯೇ ಪುಸ್ತಕಕ್ಕೆ ಇಳಿಸುತ್ತೇನೆ.

ಫ್ರಂಟ್ ಆಫೀಸ್ (ಮಡಿಕೇರಿ ಹತ್ತಿರದ ಒಂದು ರೆಸಾರ್ಟ್)

ತುರ್ತು ವಿಷಯದ ಬಗ್ಗೆ ನಾನು ಹೇಳುತ್ತೇನೆ. ನಮ್ಮಲ್ಲಿ ಎಲ್ಲರಿಗೂ ಎಲ್ಲವೂ ಅರ್ಜೆಂಟ್ ಆಗಿತ್ತು. ಟೀಮ್ಸ್‌ನಲ್ಲಿ ಮೆಸೇಜ್‌ಗೆ ಅರ್ಜೆಂಟ್ ಅಂತ ಗುರುತು ಹಾಕಬಹುದು. ಹಾಕಿದರೆ ಆ ಕಡೆಯವರು ನೋಡುವವರೆಗೆ ಎರಡು ನಿಮಿಷಕ್ಕೊಮ್ಮೆ ಇಪ್ಪತ್ತು ನಿಮಿಷ ಫೋನ್ ಸದ್ದು ಮಾಡುತ್ತದೆ. ಟವೆಲ್ ಕಡಿಮೆ ಬಿದ್ದಿದ್ದಕ್ಕೂ ಹಾಗೆ ಕಳುಹಿಸುತ್ತಿದ್ದರು. ಕೊನೆಗೆ ಹೌಸ್‌ಕೀಪಿಂಗ್‌ನವರು ನೋಟಿಫಿಕೇಶನ್ನನ್ನೇ ಬಂದ್ ಮಾಡಿದರು. ಒಂದು ರಾತ್ರಿ ಅತಿಥಿಯೊಬ್ಬರಿಗೆ ಎದೆನೋವು ಬಂತು. ಅವತ್ತು ಹಾಕಿದ ಅರ್ಜೆಂಟ್ ಮೆಸೇಜನ್ನು ಒಬ್ಬರೂ ನೋಡಲಿಲ್ಲ. ವಾಚ್‌ಮನ್ ಓಡಿ ಹೋಗಿ ಬಾಗಿಲು ಬಡಿದು ಡ್ರೈವರ್‌ನನ್ನು ಎಬ್ಬಿಸಿದ. ದೇವರ ದಯೆ, ಅವರು ಉಳಿದರು.

ಅವತ್ತಿಂದ ಜೀವ, ಬೆಂಕಿ, ರಸ್ತೆ, ಕರೆಂಟ್ ಈ ನಾಲ್ಕಕ್ಕೂ ನಮ್ಮಲ್ಲಿ ಫೋನ್ ಕಾಲ್. ಮೆಸೇಜ್ ಅಲ್ಲ. ಎತ್ತದಿದ್ದರೆ ಮುಂದಿನವರಿಗೆ. ಯಾರ ನಂತರ ಯಾರು ಅನ್ನುವ ನಂಬರ್ ಪಟ್ಟಿ ರಿಸೆಪ್ಷನ್ ಗೋಡೆಯ ಮೇಲೆ ಕಾಗದದಲ್ಲೇ ಇದೆ. ಕಾಲ್ ಮುಗಿದ ಮೇಲೆ ಏನಾಯಿತು, ಯಾರಿಗೆ ಹೇಳಿದೆವು ಅಂತ ಚಾನೆಲ್‌ನಲ್ಲಿ ಎರಡು ಸಾಲು ಬರೆಯಬೇಕು.

ನಮ್ಮ ಊರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಖಾಲಿಯಾದರೆ ನೆಟ್ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಯಾರಿಗೆ ಮರೆತಿದೆ? ನೆಟ್ ಸಣ್ಣಗಿದ್ದಾಗ ಮೆಸೇಜ್ ಸುತ್ತುತ್ತಲೇ ಇರುತ್ತದೆ. ಕಳುಹಿಸಿದವರಿಗೆ ಹೇಳಿದ್ದೇನೆ ಅನ್ನುವ ಸಮಾಧಾನ, ಅಲ್ಲಿ ಬಂದೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಹಳೆಯ ಎಸ್ಸೆಮ್ಮೆಸ್ ಎಷ್ಟೋ ಸಲ ದಾಟುತ್ತದೆ, ಡೇಟಾ ಬೇಕಾಗುವುದಿಲ್ಲ.

ಲಾರಿ ಬುಕಿಂಗ್ (ಮಂಗಳೂರು–ಕೊಡಗು)

ಮೇಲಿನ ಮಾತಿಗೆ ನನ್ನದೂ ಸಹಿ. ಘಾಟಿ ಬಂದ್ ಆದ ಸುದ್ದಿಯನ್ನು ಚಾನೆಲ್‌ಗೆ ಹಾಕಿ ಕೂತರೆ ಡ್ರೈವರ್ ಸಂಪಾಜೆ ದಾಟಿ ಮೇಲೆ ಬಂದಿರುತ್ತಾನೆ. ಗಾಡಿ ಓಡಿಸುವವನು ಮೆಸೇಜ್ ನೋಡಬಾರದು, ನೋಡಲಿ ಅಂತ ನಾವು ಬಯಸಲೂಬಾರದು. ಅವನ ಜತೆ ಕ್ಲೀನರ್ ಇದ್ದರೆ ಕ್ಲೀನರ್ ನಂಬರ್‌ಗೆ ಕಾಲ್ ಮಾಡಿ. ಆ ನಂಬರನ್ನು ಲೋಡ್ ಆಗುವಾಗಲೇ ಬರೆದುಕೊಳ್ಳಿ.

ಹೊಸಬಳು (ಪೊನ್ನಂಪೇಟೆ)

ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಎಲ್ಲರೂ ಚಾನೆಲ್‌ನಲ್ಲಿ ಕೇಳಿ ಅನ್ನುತ್ತೀರಿ. ಕೇಳುವುದು ಅಷ್ಟು ಸುಲಭ ಅಲ್ಲ. ಮೂವತ್ತು ಜನ ಓದುತ್ತಾರೆ. ಇಷ್ಟೂ ಗೊತ್ತಿಲ್ವಾ ಅಂತ ಅಂದುಕೊಳ್ಳುತ್ತಾರೇನೋ ಅಂತ ಬರೆದು ಬರೆದು ಅಳಿಸುತ್ತೇನೆ. ಕೊನೆಗೆ ಪಕ್ಕದ ಟೇಬಲ್‌ನ ಅಕ್ಕನಿಗೆ ಡಿಎಂ ಮಾಡುತ್ತೇನೆ. ಅವರು ಪಾಪ, ಎಷ್ಟು ಕೆಲಸವಿದ್ದರೂ ಹೇಳಿಕೊಡುತ್ತಾರೆ. ಒಮ್ಮೆ ಚಾನೆಲ್‌ನಲ್ಲಿ ಧೈರ್ಯ ಮಾಡಿ ಕೇಳಿದ್ದೆ. ಒಬ್ಬ ಹಿರಿಯರು 'ಇದನ್ನು ಮೊನ್ನೆಯೇ ಹೇಳಿದ್ದೆನಲ್ಲ' ಅಂತ ಎಲ್ಲರೆದುರು ಬರೆದರು. ಅವತ್ತಿಂದ ಬಾಯಿ ಕಟ್ಟಿದೆ. ಡಿಎಂ ತಪ್ಪು ಅನ್ನುವ ಮೊದಲು ನಮ್ಮಂಥವರು ಯಾಕೆ ಅಲ್ಲಿಗೆ ಹೋಗುತ್ತೇವೆ ಅಂತಲೂ ನೋಡಿ.

ಮನೆಯಿಂದಲೇ ಕೆಲಸ

ನೀವು ಬರೆದದ್ದು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಾನೂ ಹಾಗೆ ಯಾರಿಗೋ ಉತ್ತರ ಕೊಟ್ಟಿರಬಹುದು. ಆ ಹಿರಿಯರು ಮಾಡಿದ್ದು ಸರಿಯಲ್ಲ. ಒಬ್ಬರ ತಪ್ಪನ್ನು ತಿದ್ದುವುದಿದ್ದರೆ ಅದು ಡಿಎಂನಲ್ಲಿ ಅಥವಾ ಮುಖಾಮುಖಿ ಆಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಸಂಬಳ, ರಜೆ, ಆರೋಗ್ಯ, ಮನೆಯ ಕಷ್ಟ, ಬೈಗುಳ, ಜಗಳ ಇವೂ ಅಲ್ಲಿಗೇ ಸೇರಿದ್ದು.

ಪ್ರಶ್ನೆಯ ವಿಷಯ ಬೇರೆ. ನೀವು ಕೇಳಿದ್ದನ್ನೇ ಇನ್ನೂ ನಾಲ್ಕು ಜನ ಕೇಳಬೇಕು ಅಂತ ಇರುತ್ತಾರೆ. ಆ ಅಕ್ಕ ಡಿಎಂನಲ್ಲಿ ಕೊಟ್ಟ ಉತ್ತರ ನಿಮ್ಮಿಬ್ಬರ ನಡುವೆಯೇ ಉಳಿಯುತ್ತದೆ. ಮುಂದೆ ಬರುವ ಹುಡುಗಿಯೂ ಅವರನ್ನೇ ಕೇಳಬೇಕು. ನಮ್ಮ ಟೀಮ್‌ನಲ್ಲಿ ಹೊಸಬರ ಪ್ರಶ್ನೆಗೆ ಅಂತಲೇ ಒಂದು ಸಣ್ಣ ಚಾನೆಲ್ ಮಾಡಿದೆವು. ಮೊದಲ ವಾರ ಒಬ್ಬರೂ ಕೇಳಲಿಲ್ಲ. ಆಮೇಲೆ ನಮ್ಮ ಲೀಡ್ ಅವರೇ ಅದರಲ್ಲಿ ಕೇಳಿದರು: 'ಈ ಬಿಲ್ ಅಪ್ರೂವಲ್ ಎಲ್ಲಿ ಮಾಡುವುದು, ನನಗೆ ಮರೆತುಹೋಗಿದೆ, ಯಾರಾದರೂ ಹೇಳಿ.' ಹತ್ತು ವರ್ಷ ಅನುಭವ ಇರುವವರು ಹಾಗೆ ಕೇಳಿದ ಮೇಲೆ ಅವತ್ತೇ ಮೂರು ಪ್ರಶ್ನೆ ಬಂತು. ದೊಡ್ಡವರು ಮೊದಲು ಕೇಳಿದರೆ ಚಿಕ್ಕವರ ಬಾಯಿ ಬಿಡುತ್ತದೆ.

ಅಕೌಂಟ್ಸ್ ಅಕ್ಕ (ವಿರಾಜಪೇಟೆ)

ನಾನು ಪೊನ್ನಂಪೇಟೆಯ ತಂಗಿ ಹೇಳಿದ ಆ ಪಕ್ಕದ ಟೇಬಲ್‌ನಂಥವಳು. ನನಗೆ ದಿನಕ್ಕೆ ಹತ್ತು ಡಿಎಂ ಬರುತ್ತದೆ. ಕೇಳಬೇಡ ಅಂತ ಹೇಳಲು ಮನಸ್ಸು ಬರುವುದಿಲ್ಲ. ನಾನು ಮಾಡುವುದಿಷ್ಟೇ. ಡಿಎಂನಲ್ಲಿ ಉತ್ತರ ಕೊಡುತ್ತೇನೆ. ಆಮೇಲೆ ಕೇಳಿದವರ ಹೆಸರು ಎತ್ತದೆ ಅದನ್ನೇ ಚಾನೆಲ್‌ನಲ್ಲಿ ಹಾಕುತ್ತೇನೆ: 'ಜಿಎಸ್‌ಟಿ ಬಿಲ್ ತಿದ್ದುವುದು ಹೇಗೆ ಅಂತ ಒಬ್ಬರು ಕೇಳಿದರು, ಹೀಗೆ ಮಾಡಿ.' ಕೇಳಿದವರಿಗೂ ಮುಜುಗರ ಇಲ್ಲ, ನನಗೂ ಹನ್ನೊಂದನೆಯ ಡಿಎಂ ಬರುವುದಿಲ್ಲ.

ಒಂದು ಬೇಡಿಕೆ ಎಲ್ಲರಲ್ಲೂ. ಬರೀ 'ಹಾಯ್ ಮೇಡಂ' ಅಂತ ಕಳುಹಿಸಿ ಕಾಯಬೇಡಿ. ನನ್ನ ಮನೆ ಇರುವ ಕಡೆ ಮಳೆಗಾಲದಲ್ಲಿ ನೆಟ್ ಗಂಟೆಗೊಮ್ಮೆ ಬಂದು ಹೋಗುತ್ತದೆ. ನಿಮ್ಮ ಹಾಯ್ ಒಂಬತ್ತಕ್ಕೆ ಬರುತ್ತದೆ. ನಾನು ಹೇಳಿ ಅಂದದ್ದು ನಿಮಗೆ ಹತ್ತಕ್ಕೆ ತಲುಪುತ್ತದೆ. ನಿಮ್ಮ ಪ್ರಶ್ನೆ ನನಗೆ ಸಿಗುವಾಗ ಊಟದ ಹೊತ್ತು. ನಮಸ್ಕಾರ ಖಂಡಿತ ಹೇಳಿ, ಅದು ನಮ್ಮ ಮರ್ಯಾದೆ. ಅದರ ಹಿಂದೆಯೇ ವಿಷಯ, ಬಿಲ್ ನಂಬರ್, ಯಾವಾಗ ಬೇಕು, ಎಲ್ಲ ಒಂದೇ ಮೆಸೇಜಿನಲ್ಲಿ ಬರಲಿ. ನೆಟ್ ಬಂದ ಐದು ನಿಮಿಷದಲ್ಲಿ ನಾನು ಕೆಲಸ ಮುಗಿಸಿ ಉತ್ತರ ಹಾಕಿರುತ್ತೇನೆ.

ತೋಟದ ಆಫೀಸ್ (ಸಿದ್ದಾಪುರ)

ಟೈಪ್ ಮಾಡಲು ಬರದವರ ಬಗ್ಗೆ ಯಾರೂ ಹೇಳಲಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್‌ಗೆ 58 ವರ್ಷ. ಕೈಬರಹ ಮುತ್ತಿನಂತೆ, ಫೋನ್‌ನಲ್ಲಿ ಕನ್ನಡ ಟೈಪ್ ಮಾಡು ಅಂದರೆ ಕಷ್ಟ. ವಾಯ್ಸ್ ಮೆಸೇಜ್ ಕಳುಹಿಸುತ್ತಾರೆ. ಮೂರು ನಿಮಿಷದ್ದು. ಅದರೊಳಗೆ ಎಷ್ಟು ಆಳು ಬಂದರು, ಯಾವ ಬ್ಲಾಕ್ ಕೊಯ್ಲು, ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬೆಲ್ಟ್ ಹರಿದದ್ದು, ಎಲ್ಲ ಇರುತ್ತದೆ. ಕೇಳಿದವರಿಗೆ ಮಾತ್ರ ಗೊತ್ತು. ಸಂಜೆ ಆ ಬೆಲ್ಟ್ ವಿಷಯ ಹುಡುಕಿದರೆ ಸಿಗುವುದಿಲ್ಲ.

ಅವರನ್ನು ಬದಲಿಸಲು ಹೋಗಲಿಲ್ಲ. ಈಗ ಅವರು ದಿನದ ಪುಸ್ತಕದ ಪುಟದ ಫೋಟೋ ತೆಗೆದು ಚಾನೆಲ್‌ಗೆ ಹಾಕುತ್ತಾರೆ. ಕೆಳಗೆ ಆಫೀಸಿನ ಹುಡುಗ ಒಂದೇ ಸಾಲು ಟೈಪ್ ಮಾಡುತ್ತಾನೆ: 'ಪಲ್ಪರ್ ಬೆಲ್ಟ್ ಹರಿದಿದೆ, ಹೊಸದು ಬೇಕು.' ಹುಡುಕಿದಾಗ ಆ ಸಾಲು ಸಿಗುತ್ತದೆ, ಫೋಟೋ ಅದರ ಪಕ್ಕದಲ್ಲೇ ಇರುತ್ತದೆ.

ಭಾಷೆಯದ್ದೂ ಒಂದು ಮಾತು. ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಮಾತಾಡುವವರಿದ್ದೇವೆ. ಡಿಎಂನಲ್ಲಿ ಯಾರ ಜತೆ ಯಾವ ಮಾತಾದರೂ ಆಗಲಿ, ಅದು ಚೆಂದ. ಚಾನೆಲ್‌ನಲ್ಲಿ ಕನ್ನಡ. ಒಮ್ಮೆ ಇಬ್ಬರು ತಕ್ಕ್‌ನಲ್ಲಿ ಚಾನೆಲ್‌ನಲ್ಲೇ ಸ್ಪ್ರೇ ದಿನ ಬದಲಿಸಿಕೊಂಡರು. ಸ್ಪ್ರೇ ಮಾಡಬೇಕಾದವನಿಗೆ ತಕ್ಕ್ ಬಾರದು. ಎಲ್ಲರ ಕಣ್ಣೆದುರೇ ಇದ್ದ ಮಾತು ಅವನಿಗೆ ಮಾತ್ರ ತಲುಪಲಿಲ್ಲ.

ಗೋದಾಮಿನ ಲೆಕ್ಕ

ನೀವೆಲ್ಲ ಇಷ್ಟು ಬರೆದದ್ದು ನೋಡಿ ತುಂಬ ಖುಷಿಯಾಯಿತು. ಇನ್ನು ಎರಡು ಕೇಳುವುದಿದೆ. ಒಂದು, ಟ್ಯಾಗ್ ಯಾವಾಗ ಮಾಡಬೇಕು? ನಮ್ಮಲ್ಲಿ ಪ್ರತಿಯೊಂದಕ್ಕೂ ಚಾನೆಲ್ ಪೂರ್ತಿ ಟ್ಯಾಗ್ ಮಾಡುತ್ತಾರೆ. ಎರಡು, ನಮ್ಮ ಮಾಲೀಕರಿಗೆ ರಾತ್ರಿ ಹನ್ನೊಂದಕ್ಕೆ ವಿಷಯ ನೆನಪಾಗುತ್ತದೆ, ಆಗಲೇ ಮೆಸೇಜ್ ಹಾಕುತ್ತಾರೆ. ಈಗಲೇ ಉತ್ತರ ಕೊಡಿ ಅಂತ ಅವರು ಯಾವತ್ತೂ ಕೇಳಿಲ್ಲ. ಆದರೂ ನೋಡಿದವರಿಗೆ ನಿದ್ದೆ ಬರುವುದಿಲ್ಲ. ಅವರಿಗೆ ಹೇಗೆ ಹೇಳುವುದು?

ಮನೆಯಿಂದಲೇ ಕೆಲಸ

ಟ್ಯಾಗ್ ಅಂದರೆ ಹೆಗಲು ತಟ್ಟಿ ಕರೆದ ಹಾಗೆ. ಕೆಲಸ ಮಾಡಬೇಕಾದವರ ಹೆಸರನ್ನು ಮಾತ್ರ ಹಾಕಿ. ಸ್ಲ್ಯಾಕ್‌ನಲ್ಲಿ ಎಲ್ಲರನ್ನೂ ಕರೆಯಲು ಎರಡು ದಾರಿ ಇದೆ. @ಚಾನೆಲ್ ಅಂದರೆ ಅದರಲ್ಲಿರುವ ಪ್ರತಿಯೊಬ್ಬರಿಗೂ ಹೋಗುತ್ತದೆ. @ಹಿಯರ್ ಅಂದರೆ ಆ ಹೊತ್ತಿಗೆ ಆಕ್ಟಿವ್ ಇರುವವರಿಗೆ ಮಾತ್ರ. ಈ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. 'ಲಾರಿ ಬಂದಿದೆ, ಇಳಿಸಲು ಯಾರಿದ್ದೀರಿ' ಅನ್ನುವುದಕ್ಕೆ ಎರಡನೆಯದು ಸಾಕು. ಮನೆಯಲ್ಲಿ ಮಲಗಿರುವವರನ್ನು ಯಾಕೆ ಎಬ್ಬಿಸಬೇಕು? ಮೊದಲನೆಯದನ್ನು ನಾಳೆ ಗೋದಾಮು ರಜೆ ಅನ್ನುವಂಥದ್ದಕ್ಕೆ ಇಟ್ಟುಕೊಳ್ಳಿ.

ಹೆಸರೇ ಹಾಕದೆ 'ಯಾರಾದರೂ ನೋಡಿ' ಅಂತ ಬರೆದರೆ ಎಲ್ಲರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಅದೂ ಕೂಡದು.

ರಾತ್ರಿಯ ವಿಷಯಕ್ಕೆ ಶೆಡ್ಯೂಲ್ ಇದೆ. ಕಂಪ್ಯೂಟರ್‌ನಲ್ಲಾದರೆ ಕಳುಹಿಸುವ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ, ಫೋನ್‌ನಲ್ಲಾದರೆ ಆ ಬಟನ್ನನ್ನೇ ಒತ್ತಿ ಹಿಡಿದು, ನಾಳೆ ಬೆಳಿಗ್ಗೆ ಒಂಬತ್ತು ಅಂತ ಕೊಟ್ಟರೆ ಆಯಿತು. ಅವರ ತಲೆಯಿಂದ ಭಾರ ಇಳಿಯುತ್ತದೆ, ನಿಮಗೆ ಬೆಳಿಗ್ಗೆ ಸಿಗುತ್ತದೆ.

ಅಕೌಂಟ್ಸ್ ಅಕ್ಕ

ಮಾಲೀಕರಿಗೆ ಇದನ್ನು ಚಾನೆಲ್‌ನಲ್ಲಿ ಹೇಳಬೇಡಿ ತಂಗಿ, ಡಿಎಂನಲ್ಲೂ ಬೇಡ. ಬರೆದ ಮಾತಿಗೆ ಮುಖ ಇರುವುದಿಲ್ಲ, ದೂರಿನ ಹಾಗೆ ಕಂಡುಬಿಡುತ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಅವರ ಟೇಬಲ್ ಹತ್ತಿರ ಹೋಗಿ. 'ಸರ್, ನಿಮ್ಮ ಮೆಸೇಜ್ ನೋಡಿದರೆ ನಮಗೆ ಆಗಲೇ ಉತ್ತರ ಕೊಡಬೇಕು ಅನಿಸುತ್ತದೆ. ಹೀಗೊಂದು ವ್ಯವಸ್ಥೆ ಇದೆ, ತೋರಿಸಲಾ?' ಅಂತ ಕೇಳಿ, ಅವರ ಫೋನ್‌ನಲ್ಲೇ ಒಮ್ಮೆ ಮಾಡಿ ತೋರಿಸಿ. ನಮ್ಮವರಿಗೆ ನಾನು ಹಾಗೇ ತೋರಿಸಿದ್ದು. ಅವರಿಗೆ ಅದು ಇರುವುದೇ ಗೊತ್ತಿರಲಿಲ್ಲ, ಅಷ್ಟೇ.

ಗೋದಾಮಿನ ಲೆಕ್ಕ

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮಾಲೀಕರಿಗೆ ತೋರಿಸಿದೆ. 'ಇಷ್ಟು ದಿನ ಹೇಳಬಾರದಿತ್ತಾ' ಅಂದರು. ಚಾನೆಲ್ ಮೂರು ಮಾಡಿದ್ದೇವೆ. ಖರೀದಿಯವರು ಇನ್ನೂ ವಾಟ್ಸಾಪ್‌ನಲ್ಲೇ ರೇಟು ಕಳುಹಿಸುತ್ತಾರೆ, ಅದನ್ನು ನಾನೇ ಎತ್ತಿ ಚಾನೆಲ್‌ಗೆ ಹಾಕುತ್ತಿದ್ದೇನೆ. ಅಭ್ಯಾಸ ಆಗಲು ಒಂದು ಸೀಸನ್ ಬೇಕಾಗಬಹುದು.

ನಿನ್ನೆ ಮತ್ತೆ ಒಂದು ಹಸಿ ಲಾಟ್ ಬಂತು. ಈ ಸಲ ಗೋದಾಮು ಚಾನೆಲ್‌ನಲ್ಲಿ ಹೀಗೆ ಬರೆದೆ: 'ಎಲ್ಲರಿಗೂ ನಮಸ್ಕಾರ. ಇವತ್ತು ಬಂದ ಪಾರ್ಚ್‌ಮೆಂಟ್ ಇನ್ನೂ ಒಣಗಿಲ್ಲ. ಶುಕ್ರವಾರದವರೆಗೆ ಕಣದಲ್ಲಿರಲಿ, ಯಾವುದಕ್ಕೂ ಸೇರಿಸಬೇಡಿ. ಲಾಟ್ 63.' ಸೂಪರ್‌ವೈಸರ್ ಅಣ್ಣನನ್ನೂ ಅವರ ರಜೆಯಲ್ಲಿ ಬರುವ ಹುಡುಗನನ್ನೂ ಟ್ಯಾಗ್ ಮಾಡಿದೆ. ಸರಿ ಇದೆಯಾ?

ತೋಟದ ಆಫೀಸ್

ಚೆನ್ನಾಗಿದೆ ಮೇಡಂ. ಒಂದೇ ಬದಲಾವಣೆ. ಲಾಟ್ 63 ಅನ್ನುವುದು ಮೊದಲ ಸಾಲಿಗೆ ಬರಲಿ. ಕಣದಲ್ಲಿ ನಿಂತವರು ಫೋನ್ ಜೇಬಿನಿಂದ ಅರ್ಧ ತೆಗೆದು ನೋಡುತ್ತಾರೆ, ಪರದೆಯ ಮೇಲೆ ಕಾಣುವುದು ಮೊದಲ ನಾಲ್ಕು ಪದ ಮಾತ್ರ. ಹಾಗೇ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ '63, ಹಸಿ' ಅಂತ ಬರೆದು ಆ ರಾಶಿಯ ಪಕ್ಕದಲ್ಲೂ ನಿಲ್ಲಿಸಿ.

ಗೋದಾಮಿನ ಲೆಕ್ಕ

ಹಲಗೆ ಇಟ್ಟಾಯಿತು. ಮೆಸೇಜನ್ನೂ ತಿದ್ದಿದೆ. ಹುಡುಗ ಕೆಳಗೆ ಥ್ರೆಡ್‌ನಲ್ಲಿ ಬರೆದಿದ್ದಾನೆ: 'ಅಕ್ಕಾ, ಮೂರು ಗಂಟೆಗೆ ಒಮ್ಮೆ ಕೈಯಾಡಿಸಿದ್ದೇನೆ. ನಾಳೆ ಬೆಳಿಗ್ಗೆ ಮೀಟರ್ ಇಟ್ಟು ಇಲ್ಲೇ ಹೇಳುತ್ತೇನೆ.'